ಯೆರೆಮೀಯ 32: ಮುತ್ತಿಗೆಯ ನಡುವೆ ಹೊಲ ಕೊಂಡ ಪ್ರವಾದಿಯಿಂದ ಇವತ್ತಿನ ವಿಶ್ವಾಸಿ ಏನು ಕಲಿಯಬೇಕು?

ವಾಕ್ಯ_ಧ್ಯಾನಿ:

ಎಲ್ಲರಿಗೂ ವಂದನೆಗಳು. ಮನೆ ಕೂಟಗಳಲ್ಲಿ ಯೆರೆಮೀಯನನ್ನು ತೆಗೆದುಕೊಂಡರೆ ಸಾಮಾನ್ಯವಾಗಿ 1ನೇ ಅಧ್ಯಾಯದ ಕರೆ, 18ರ ಕುಂಬಾರನ ಮನೆ, 29:11ರ ನಿರೀಕ್ಷೆಯ ವಾಗ್ದಾನ, ಇಷ್ಟರಲ್ಲೇ ಮುಗಿದುಹೋಗುತ್ತದೆ. 32ನೇ ಅಧ್ಯಾಯದ ಹೊಲದ ಖರೀದಿಯನ್ನು ಕೂತು ಓದುವವರು ಕಡಿಮೆ. ಓದಿದರೂ "ನಂಬಿಕೆಯಿಂದ ಹೆಜ್ಜೆ ಇಡಿ" ಎಂದು ಒಂದೇ ಸಾಲಿನಲ್ಲಿ ಮುಗಿಸಿಬಿಡುತ್ತಾರೆ.

ಸಂಗತಿ ಇಷ್ಟು. ಯೆಹೂದದ ಅರಸ ಚಿದ್ಕೀಯನ ಆಳ್ವಿಕೆಯ 10ನೇ ವರ್ಷ, ಬಾಬೆಲಿನ ಅರಸ ನೆಬೂಕದ್ನೆಚ್ಚರನ 18ನೇ ವರ್ಷ. ಅಂದರೆ ಸುಮಾರು ಕ್ರಿ.ಪೂ. 588–587. ಕಸ್ದೀಯರ (ಬಾಬೆಲಿನವರ) ಸೈನ್ಯ ಯೆರೂಸಲೇಮಿಗೆ ಮುತ್ತಿಗೆಯ ದಿಬ್ಬ ಹಾಕಿದೆ. ಊರೊಳಗೆ ಕ್ಷಾಮ, ವ್ಯಾಧಿ. "ಈ ಪಟ್ಟಣ ಬಾಬೆಲಿನ ಅರಸನ ಕೈಸೇರುತ್ತದೆ" ಎಂದು ಸಾರಿದ್ದಕ್ಕೆ ಯೆರೆಮೀಯ ಅರಮನೆಯ ಕಾವಲಂಗಳದಲ್ಲಿ ಸೆರೆಯಾಗಿದ್ದಾನೆ. ಅಲ್ಲಿಗೆ ದಾಯಾದಿ ಹನಮೇಲ ಬಂದು, ಅನಾತೋತಿನ ನನ್ನ ಹೊಲ ಕೊಂಡುಕೋ, ಬಿಡಿಸಿಕೊಳ್ಳುವ ಹಕ್ಕು ನಿನ್ನದು ಅನ್ನುತ್ತಾನೆ. ಶತ್ರು ಸೈನ್ಯ ಬೀಡುಬಿಟ್ಟ ಸೀಮೆಯ ಜಮೀನಿಗೆ ಪ್ರವಾದಿ 17 ಶೆಕೆಲ್ ಬೆಳ್ಳಿ ತೂಗಿ ಕೊಡುತ್ತಾನೆ.

90 ನಿಮಿಷದ ಬೈಬಲ್ ಅಧ್ಯಯನಕ್ಕೆ ಇದನ್ನು ಹೇಗೆ ಕಟ್ಟಬೇಕು? ಎಲ್ಲಿ ಎಡವುತ್ತೇವೆ? ಬಲ್ಲವರು ಬಿಡಿಸಿ ಬರೆಯಿರಿ.

ಹಳೇ_ಒಡಂಬಡಿಕೆ:

32ನ್ನು 32ರಿಂದಲೇ ಶುರುಮಾಡುವುದೇ ಮೊದಲ ಎಡವಟ್ಟು. ಯೆರೆಮೀಯನ ಪುಸ್ತಕ ನಡೆದ ಕ್ರಮದಲ್ಲಿ ಜೋಡಿಸಿದ್ದಲ್ಲ. 36ನೇ ಅಧ್ಯಾಯದಲ್ಲಿ ಅರಸ ಯೆಹೋಯಾಕೀಮ ಯೆರೆಮೀಯನ ಮಾತುಗಳ ಸುರುಳಿ ಸುಡುವುದು ಈ ಖರೀದಿಗಿಂತ ಸುಮಾರು 17 ವರ್ಷ ಹಿಂದಿನದು. ಪುಸ್ತಕದಲ್ಲಿ ಮಾತ್ರ ಆಮೇಲೆ ಬರುತ್ತದೆ. ಹಾಗಾಗಿ ಓದುವ ಕ್ರಮವನ್ನು ನಾವೇ ಕಟ್ಟಿಕೊಳ್ಳಬೇಕು.

ಮೊದಲು 11:18–23. ಅನಾತೋತಿನವರು "ಯೆಹೋವನ ಹೆಸರಿನಲ್ಲಿ ಪ್ರವಾದಿಸಬೇಡ, ಪ್ರವಾದಿಸಿದರೆ ನಮ್ಮ ಕೈಯಿಂದ ಸಾಯುವೆ" ಎಂದು ಯೆರೆಮೀಯನ ಕೊಲೆಗೆ ಸಂಚು ಮಾಡುತ್ತಾರೆ. ಅವನ ಸ್ವಂತ ಊರು, ಯಾಜಕರ ಊರು. 12:6ರಲ್ಲಿ ಇನ್ನೂ ಹತ್ತಿರಕ್ಕೆ ಬರುತ್ತದೆ: ಅಣ್ಣತಮ್ಮಂದಿರು, ತಂದೆಯ ಮನೆಯವರೇ ದ್ರೋಹ ಮಾಡಿದರು ಅಂತ. ಹನಮೇಲ ಆ ಮನೆತನದವನು. ಅವನೇ ಆ ಸಂಚಿನಲ್ಲಿದ್ದ ಎಂದು ಗ್ರಂಥ ಹೇಳುವುದಿಲ್ಲ, ನಾವೂ ಹೇಳಬಾರದು. ಆದರೆ ತನ್ನ ಪ್ರಾಣಕ್ಕೆ ಕೈಯಿಟ್ಟ ಕುಲದ ಆಸ್ತಿಯನ್ನು ಯೆರೆಮೀಯ ಬಿಡಿಸಿಕೊಡುತ್ತಿದ್ದಾನೆ ಎಂಬುದಂತೂ ನಿಜ. ಯಾಜಕಕಾಂಡ 25:25ರ ಪ್ರಕಾರ ಬಡತನದಿಂದ ಜಮೀನು ಮಾರಬೇಕಾಗಿ ಬಂದವನ ಹತ್ತಿರದ ಬಂಧು ಅದನ್ನು ಬಿಡಿಸಬೇಕು. ದಾಯಾದಿ ಮತ್ಸರ ಎಂದರೆ ಏನೆಂದು ನಮ್ಮ ಜನಕ್ಕೆ ಬಿಡಿಸಿ ಹೇಳಬೇಕಾಗಿಲ್ಲ. ಈ ಎಳೆ ತಪ್ಪಿಸಿಕೊಂಡು ಓದಿದರೆ ಅಧ್ಯಾಯದ ಅರ್ಧ ಭಾರ ಕೆಳಗೆ ಬಿದ್ದುಹೋಗುತ್ತದೆ.

ಆಮೇಲೆ 16:1–4. "ಈ ಸ್ಥಳದಲ್ಲಿ ಮದುವೆ ಮಾಡಿಕೊಳ್ಳಬೇಡ, ಗಂಡು ಹೆಣ್ಣು ಮಕ್ಕಳು ಬೇಡ" ಎಂದು ದೇವರೇ ತಡೆದಿದ್ದಾರೆ. ಅಂದರೆ ಹೊಲ ಕೊಳ್ಳುವವನಿಗೆ ವಾರಸುದಾರ ಇಲ್ಲ.

ಮೂರನೆಯದು 37:11–21. ಫರೋಹನ ಸೈನ್ಯ ಬಂತೆಂದು ಕಸ್ದೀಯರು ಸ್ವಲ್ಪ ಕಾಲ ಮುತ್ತಿಗೆ ಬಿಟ್ಟಾಗ ಯೆರೆಮೀಯ ತನ್ನ ಪಾಲಿನ ವಿಷಯಕ್ಕೆ ಬೆನ್ಯಾಮೀನ್ ಸೀಮೆಗೆ ಹೊರಡುತ್ತಾನೆ. ಬೆನ್ಯಾಮೀನಿನ ಬಾಗಿಲಲ್ಲೇ ಹಿಡಿದು, ಶತ್ರುಗಳ ಕಡೆ ಓಡಿಹೋಗುತ್ತಿದ್ದೀಯೆಂದು ಹೊಡೆದು ನೆಲಮಾಳಿಗೆಗೆ ಹಾಕುತ್ತಾರೆ. ಕೊನೆಗೆ ಕಾವಲಂಗಳಕ್ಕೆ ಬಂದಾಗ ರೊಟ್ಟಿಗಾರರ ಬೀದಿಯಿಂದ ದಿನಕ್ಕೆ ಒಂದೇ ಒಂದು ರೊಟ್ಟಿ, ಅದೂ ಊರಲ್ಲಿ ರೊಟ್ಟಿ ಇರುವ ತನಕ. ಆ ಅಂಗಳದಲ್ಲೇ 17 ಶೆಕೆಲ್ ಕೈಬದಲಾಗುವುದು. ಇಷ್ಟು ಓದಿಕೊಂಡು ಆಮೇಲೆ 32ಕ್ಕೆ ಬನ್ನಿ.

ನಂಬಿಕೆಯ_ಹೆಜ್ಜೆ:

ಪ್ರೈಸ್ ದ ಲಾರ್ಡ್. ಇಷ್ಟೆಲ್ಲ ಹಿನ್ನೆಲೆ ಬೇಕಾ ಬ್ರದರ್? ವಚನ ಸರಳವಾಗಿದೆ. ಸನ್ನಿವೇಶ ಕೆಟ್ಟದಾಗಿದ್ದಾಗ ಯೆರೆಮೀಯ ನಂಬಿಕೆಯಿಂದ ಬಿತ್ತಿದ, ದೇವರು ಹೊಲಗಳನ್ನೂ ಮನೆಗಳನ್ನೂ ತಿರುಗಿ ಕೊಡುತ್ತೇನೆ ಅಂದರು. 29:11ರಲ್ಲೂ ಅದೇ ವಾಗ್ದಾನ. ಇಲ್ಲದಿರುವಾಗ ಕೊಟ್ಟವನಿಗೆ ಆಶೀರ್ವಾದ ಬರುತ್ತದೆ, ಅಷ್ಟೇ ಅಲ್ಲವೇ?

ಹಳೇ_ಒಡಂಬಡಿಕೆ:

ಅಷ್ಟೇ ಅಲ್ಲ ಬ್ರದರ್. ಇದನ್ನು ಪ್ರೀತಿಯಿಂದಲೇ ಹೇಳುತ್ತೇನೆ, ಆದರೆ ಸ್ಪಷ್ಟವಾಗಿ ಹೇಳಬೇಕು. ಕೊಟ್ಟವನಿಗೆ ಆ ಹೊಲದಿಂದ ಒಂದು ಕಾಳೂ ಬರಲಿಲ್ಲ. ಪಟ್ಟಣ ಬಿತ್ತು, ಬಾಬೆಲಿನವರು ನೇಮಿಸಿದ ಅಧಿಪತಿ ಗೆದಲ್ಯನ ಕೊಲೆಯಾಯಿತು, ಹೆದರಿದ ಜನ ಯೆರೆಮೀಯನನ್ನೂ ಅವನ ಲೇಖಕ ಬಾರೂಕನನ್ನೂ ಎಳೆದುಕೊಂಡು ಐಗುಪ್ತಕ್ಕೆ ಹೋದರು (43:5–7). ಅವನು ಆ ಹೊಲದಲ್ಲಿ ಉತ್ತ, ಬಿತ್ತ ಎಂಬ ಸುಳಿವು ಗ್ರಂಥದಲ್ಲಿ ಎಲ್ಲೂ ಇಲ್ಲ. "ಕೊಡು, ನಿನಗೆ ಹೆಚ್ಚಾಗಿ ಬರುತ್ತದೆ" ಎಂಬ ಕಾಣಿಕೆಯ ಪ್ರಸಂಗಕ್ಕೆ ಈ ಅಧ್ಯಾಯ ಆಧಾರ ಆಗುವುದೇ ಇಲ್ಲ. ಇದು ಕಾಣಿಕೆಯೂ ಅಲ್ಲ, ಕ್ರಯ.

29:11ನ್ನು 29:10ರಿಂದ ಕಿತ್ತು ಓದಬೇಡಿ. ಕ್ರಿ.ಪೂ. 597ರಲ್ಲಿ ಸೆರೆಹೋದವರಿಗೆ ಬರೆದ ಕಾಗದ ಅದು. "70 ವರ್ಷ ತುಂಬಿದ ಮೇಲೆ" ಎಂಬ ಮಾತು ಮೊದಲು ಬರುತ್ತದೆ, "ನಿಮಗೆ ನಿರೀಕ್ಷೆಯನ್ನು ಕೊಡುವ ಯೋಚನೆ" ಆಮೇಲೆ. ಆ ಕಾಗದ ಕೇಳಿಸಿಕೊಂಡ 30ರ ಹರೆಯದವನು ಬಾಬೆಲಿನಲ್ಲೇ ಸಾಯುತ್ತಾನೆ. ಅದಕ್ಕೇ 5–7ನೇ ವಚನಗಳು: ಮನೆ ಕಟ್ಟಿ, ತೋಟ ಹಾಕಿ, ಮಕ್ಕಳ ಮದುವೆ ಮಾಡಿ, ನಿಮ್ಮನ್ನು ಸೆರೆ ಒಯ್ದ ಪಟ್ಟಣದ ಕ್ಷೇಮಕ್ಕಾಗಿಯೇ ಪ್ರಾರ್ಥಿಸಿ. ಹೊಸ ವರ್ಷದ ರಾತ್ರಿ ಕೈಗೆ ಬರುವ ವಾಗ್ದಾನದ ಕಾರ್ಡಿನಲ್ಲಿ 11 ಮಾತ್ರ ಇರುತ್ತದೆ. 10ನ್ನೂ ಸೇರಿಸಿ ಅಚ್ಚು ಹಾಕಿದರೆ ವಿಶ್ವಾಸಿಗಳಿಗೆ ಉಪಕಾರವಾದೀತು.

"ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ" ಎಂದ ಪ್ರವಾದಿಯೂ ಒಬ್ಬನಿದ್ದ: ಹನನ್ಯ, 28ನೇ ಅಧ್ಯಾಯ. ಜನ ಕೇಳಬಯಸಿದ್ದು ಅವನ ಮಾತನ್ನೇ. 5ನೇ ತಿಂಗಳಲ್ಲಿ ಹೇಳಿದ, 7ನೇ ತಿಂಗಳಲ್ಲಿ ತೀರಿಕೊಂಡ.

ನಂಬಿಕೆಯ_ಹೆಜ್ಜೆ:

43ನೇ ಅಧ್ಯಾಯವನ್ನು ಇದರ ಜೊತೆ ಇಟ್ಟು ನೋಡಿರಲಿಲ್ಲ. ಒಪ್ಪಿದೆ. ಹಾಗಾದರೆ 32:15ರ "ಈ ದೇಶದಲ್ಲಿ ಮನೆ, ಹೊಲ, ದ್ರಾಕ್ಷೆತೋಟಗಳನ್ನು ತಿರುಗಿ ಕೊಳ್ಳುವರು" ಎಂಬುದು ಯಾರಿಗೆ?

ಹಳೇ_ಒಡಂಬಡಿಕೆ:

ಜನಾಂಗಕ್ಕೆ. ಕೊಳ್ಳುವವರು ಯಾರೆಂದು ಹೆಸರಿಲ್ಲ ನೋಡಿ. ಯೆರೆಮೀಯ ತಾನು ಕಾಣದ ದಿನಕ್ಕೆ ಮುಂಗಡವಾಗಿ ಒಂದು ಕ್ರಯಪತ್ರ ಮಾಡಿಟ್ಟ. ನನ್ನ ಮಟ್ಟಿಗೆ ಇಡೀ ಅಧ್ಯಾಯದ ತಿರುಳು ಇದೇ: ನಿರೀಕ್ಷೆ ಅನ್ನುವುದು ಅವನಲ್ಲಿ ಮನಸ್ಸಿನ ಉತ್ಸಾಹವಾಗಿ ಕಾಣುವುದಿಲ್ಲ, ಸಾಕ್ಷಿ ಸಹಿತ ಬರೆದಿಟ್ಟ ಕಾಗದವಾಗಿ ಕಾಣುತ್ತದೆ.

ಕಾಗದಪತ್ರ:

ಆ ಕಾಗದದ ವಿಷಯವನ್ನು ಸ್ವಲ್ಪ ಬಿಡಿಸುತ್ತೇನೆ. ಬೈಬಲಿನಲ್ಲಿ ಒಂದು ಜಮೀನಿನ ವ್ಯವಹಾರದ ಕ್ರಮವನ್ನು ಇಷ್ಟು ಬಿಡಿಬಿಡಿಯಾಗಿ ಹೇಳುವ ಭಾಗ ಇನ್ನೊಂದಿಲ್ಲ.

10ನೇ ವಚನದಲ್ಲಿ ನಾಲ್ಕು ಕೆಲಸಗಳಿವೆ: ಪತ್ರಕ್ಕೆ ಸಹಿ, ಮುದ್ರೆ, ಸಾಕ್ಷಿಗಳು, ತಕ್ಕಡಿಯಲ್ಲಿ ಬೆಳ್ಳಿಯ ತೂಕ. ಯೆಹೂದದಲ್ಲಿ ಆಗ ನಾಣ್ಯ ಚಲಾವಣೆಯಲ್ಲಿರಲಿಲ್ಲ. ಬೆಳ್ಳಿಯ ತುಂಡುಗಳನ್ನು ತೂಕದ ಕಲ್ಲಿಗೆ ಸರಿಯಾಗಿ ತೂಗಿಯೇ ಕೊಡಬೇಕು. ಅಗೆತಗಳಲ್ಲಿ ಸಿಕ್ಕ ಯೆಹೂದದ ತೂಕದ ಕಲ್ಲುಗಳ ಪ್ರಕಾರ ಒಂದು ಶೆಕೆಲ್ ಸುಮಾರು 11.3 ಗ್ರಾಂ; ನಮ್ಮ ತೊಲಕ್ಕೆ (11.66 ಗ್ರಾಂ) ಹತ್ತಿರ. 17 ಶೆಕೆಲ್ ಅಂದರೆ 190 ಗ್ರಾಂ ಚಿಲ್ಲರೆ. ಇದು ಅಗ್ಗವೋ ದುಬಾರಿಯೋ ಎಂದು ತೀರ್ಪು ಕೊಡುವ ಪ್ರಸಂಗಗಳುಂಟು. ಅಬ್ರಹಾಮ ಮಕ್ಪೇಲದ ಹೊಲಕ್ಕೆ 400 ಕೊಟ್ಟ, ದಾವೀದ ಕಣಕ್ಕೂ ಎತ್ತುಗಳಿಗೂ 50 ಕೊಟ್ಟ ಎಂದು ಹೋಲಿಸುತ್ತಾರೆ. ಹೊಲದ ವಿಸ್ತೀರ್ಣವನ್ನೇ ಗ್ರಂಥ ಹೇಳಿಲ್ಲವಾದ್ದರಿಂದ ಆ ಲೆಕ್ಕ ನಿಲ್ಲುವುದಿಲ್ಲ.

11ನೇ ವಚನದಲ್ಲಿ ಎರಡು ಪ್ರತಿ: ಮುದ್ರೆ ಹಾಕಿದ್ದು ಒಂದು, ತೆರೆದದ್ದು ಒಂದು. ಮುದ್ರೆಯೊಳಗಿನದು ಮೂಲ, ಕಾನೂನಿನ ನಿಬಂಧನೆಗಳು ಅದರಲ್ಲಿರುತ್ತವೆ. ತೆರೆದದ್ದು ಓದಿ ನೋಡಲಿಕ್ಕೆ. ಯಾರಾದರೂ ತೆರೆದ ಪ್ರತಿಯನ್ನು ತಿದ್ದಿದ್ದಾರೆಂಬ ಅನುಮಾನ ಬಂದರೆ ಮುದ್ರೆ ಒಡೆದು ತಾಳೆ ನೋಡುತ್ತಾರೆ. ನೈಲ್ ನದಿಯ ಎಲೆಫಂಟೀನ್ ದ್ವೀಪದ ಯೆಹೂದ್ಯರ ಕ್ರಿ.ಪೂ. 5ನೇ ಶತಮಾನದ ಅರಾಮಿಕ್ ಪತ್ರಗಳು ಸುರುಳಿ ಸುತ್ತಿ, ಮಡಚಿ, ದಾರ ಕಟ್ಟಿ, ಜೇಡಿಮಣ್ಣಿನ ಮುದ್ರೆ ಒತ್ತಿದ ಸ್ಥಿತಿಯಲ್ಲೇ ಸಿಕ್ಕಿವೆ. ಮೃತ ಸಮುದ್ರದ ಬಳಿ ನಹಲ್ ಹೆವೆರ್ ಗುಹೆಯಲ್ಲಿ 1961ರಲ್ಲಿ ಸಿಕ್ಕ ಬಾಬತಾ ಎಂಬ ಹೆಂಗಸಿನ ಪತ್ರಗಳು ಬಹುಪಾಲು ಕ್ರಿ.ಶ. 2ನೇ ಶತಮಾನದವು. ಅಲ್ಲಿ ಒಂದೇ ಹಾಳೆಯ ಮೇಲೆ ಒಪ್ಪಂದವನ್ನು ಎರಡು ಸಲ ಬರೆದು, ಮೇಲಿನದನ್ನು ಸುತ್ತಿ ಹೊಲಿದು, ಕೆಳಗಿನದನ್ನು ತೆರೆದೇ ಬಿಟ್ಟಿದ್ದಾರೆ. ಯೆರೆಮೀಯನ ಕ್ರಮದ ಬಂಧುವೇ ಅದು.

14ನೇ ವಚನದ ಮಣ್ಣಿನ ಜಾಡಿಯೂ ಅಲಂಕಾರದ ಮಾತಲ್ಲ. ಆಗಿನ ಕಾಲದ ಜೊಂಡಿನ ಕಾಗದವಾದ ಪಪೈರಸ್‌ಗೆ ಮುಖ್ಯ ಶತ್ರು ತೇವ ಮತ್ತು ಹುಳು. ಬಾಯಿ ಮುಚ್ಚಿದ ಜಾಡಿ ಎರಡನ್ನೂ ತಡೆಯುತ್ತದೆ. ಮೃತ ಸಮುದ್ರದ ಬಳಿಯ ಗುಹೆಗಳಲ್ಲಿ ಸಿಕ್ಕ ಕುಮ್ರಾನ್ ಸುರುಳಿಗಳು 1947ರ ತನಕ ಉಳಿದದ್ದಕ್ಕೆ ಒಣ ಹವೆಯ ಜೊತೆಗೆ ಜಾಡಿಗಳೂ ಕಾರಣ. "ಬಹುಕಾಲ ಉಳಿಯುವಂತೆ" ಎಂದು ದೇವರ ವಾಕ್ಯವೇ ಕಾರಣ ಕೊಟ್ಟಿದೆ.

ಇಲ್ಲಿ ಒಂದು ಎಚ್ಚರಿಕೆ. "ತೆರೆದ ಪತ್ರ ಹಳೇ ಒಡಂಬಡಿಕೆ, ಮುದ್ರೆಯ ಪತ್ರ ಹೊಸ ಒಡಂಬಡಿಕೆ, ಜಾಡಿ ನಮ್ಮ ದೇಹ" ಎಂದು ಒಂದೊಂದಕ್ಕೂ ಗೂಢಾರ್ಥ ಕಟ್ಟಿಕೊಂಡು ಹೋಗುವುದುಂಟು. ಕ್ರಯಪತ್ರವನ್ನು ಕ್ರಯಪತ್ರವೆಂದೇ ಓದಿದರೆ ಸಾಕು, ಅದು ತುಂಬ ಹೇಳುತ್ತದೆ.

ಕಾಗದಪತ್ರ:

ಮೇಲಿನದಕ್ಕೆ ಸೇರಿಸಿ ಒಂದು ಮಾತು. "ದೇವರ ಕೆಲಸಕ್ಕೆ ಕಾಗದಪತ್ರ ಯಾಕೆ, ನಂಬಿಕೆ ಸಾಕು" ಎಂದು ಸಭೆಯ ಜಮೀನು, ಕಟ್ಟಡ ನಿಧಿ, ಕಾಣಿಕೆ ಲೆಕ್ಕದ ವಿಷಯದಲ್ಲಿ ಕೇಳಿಬರುತ್ತದೆ. ನಂಬಿಗಸ್ತ ಪ್ರವಾದಿಯೊಬ್ಬ, ಸ್ವತಃ ದೇವರ ಅಪ್ಪಣೆಯ ಮೇಲೆ ನಡೆದ ವ್ಯವಹಾರಕ್ಕೆ, ಸೆರೆಯಲ್ಲಿದ್ದಾಗಲೂ ಒಂದು ವಿಧಿಯನ್ನೂ ಬಿಡಲಿಲ್ಲ. 12ನೇ ವಚನ ನೋಡಿ: ಮಾರಿದವನ ಎದುರು, ಸಹಿ ಹಾಕಿದ ಸಾಕ್ಷಿಗಳ ಎದುರು, ಅಂಗಳದಲ್ಲಿ ಕೂತಿದ್ದ ಎಲ್ಲ ಯೆಹೂದ್ಯರ ಎದುರು ಪತ್ರವನ್ನು ಬಾರೂಕನ ಕೈಗೆ ಕೊಡುತ್ತಾನೆ. ಪತ್ರ ಇಟ್ಟುಕೊಳ್ಳುವವನು ಕೊಂಡವನೂ ಅಲ್ಲ, ಮಾರಿದವನೂ ಅಲ್ಲ. ನಮ್ಮಲ್ಲಿ ಕ್ರಯಪತ್ರಕ್ಕೆ ಇಬ್ಬರು ಸಾಕ್ಷಿಗಳ ಸಹಿ ಹಾಕಿಸುವ ರೂಢಿಯಿದೆ. ಸಭೆಯ ಪತ್ರಗಳಲ್ಲಿ ಆ ಇಬ್ಬರೂ ಒಂದೇ ಮನೆಯವರಾಗದಿರಲಿ. ಮೂಲಪತ್ರ ಒಬ್ಬ ಹಿರಿಯರ ಬೀರುವಿನಲ್ಲಿ ಮಾತ್ರ ಇರದಿರಲಿ. ನಕಲು ಯಾರು ಕೇಳಿದರೂ ಓದಲು ಸಿಗಲಿ. ಕಲಹ ಹುಟ್ಟುವುದು ಬಹುಪಾಲು ಈ ಮೂರು ತಪ್ಪಿದಾಗಲೇ.

ಉಡುಪಿ_ಓದುಗಿ:

ಒಂದು ಸಂಶಯ. ಅನಾತೋತ್ ಯಾಜಕರಿಗೆ ಕೊಟ್ಟ ಊರು (ಯೆಹೋಶುವ 21:18). ಯಾಜಕಕಾಂಡ 25:34 ಲೇವಿಯರ ಊರಿನ ಸುತ್ತಲ ಭೂಮಿಯನ್ನು ಮಾರಬಾರದು ಅನ್ನುತ್ತದೆ. ಹಾಗಾದರೆ ಹನಮೇಲ ಮಾರಿದ್ದು ಹೇಗೆ?

ಹಳೇ_ಒಡಂಬಡಿಕೆ:

ಒಳ್ಳೆಯ ಪ್ರಶ್ನೆ ಅಕ್ಕ. ಹೊರಗಿನವರಿಗೆ ಮಾರುವುದಕ್ಕೆ ಆ ತಡೆ, ಕುಲದೊಳಗೆ ಬಿಡಿಸಿಕೊಳ್ಳುವುದಕ್ಕೆ ಅಲ್ಲ ಎಂದು ಕೆಲವು ವ್ಯಾಖ್ಯಾನಕಾರರು ಹೇಳುತ್ತಾರೆ. ಅದು ಲೇವಿಯರ ಪಾಲಿನ ಗೋಮಾಳವಲ್ಲ, ಬೇರೆ ದಾರಿಯಲ್ಲಿ ಬಂದ ಹೊಲ ಅನ್ನುವವರೂ ಇದ್ದಾರೆ. ಯೆರೆಮೀಯನ ಗ್ರಂಥ ಅದನ್ನು ವಿವರಿಸುವುದಿಲ್ಲ. ಕೂಟದಲ್ಲಿ ಯಾರಾದರೂ ಕೇಳಿದರೆ ಎರಡನ್ನೂ ಹೇಳಿ, ಒಂದನ್ನೇ ಖಡಾಖಂಡಿತವಾಗಿ ಹೇಳಬೇಡಿ.

ಮೌನ_ಪ್ರಾರ್ಥನೆ:

ಇಷ್ಟು ಹೊತ್ತು ಎಲ್ಲರೂ 15ನೇ ವಚನದ ತನಕವೇ ಇದ್ದೀರಿ. ನನಗೆ ಈ ಅಧ್ಯಾಯ ತೆರೆದುಕೊಳ್ಳುವುದು 16ರಿಂದ.

ಪತ್ರ ಬಾರೂಕನ ಕೈಸೇರಿದ ಮೇಲೆ ಯೆರೆಮೀಯ ಪ್ರಾರ್ಥಿಸುತ್ತಾನೆ. ಮೊದಲು ಕೊಂಡ, ಆಮೇಲೆ ದೇವರ ಮುಂದೆ ನಿಂತು "ಇದೇನು ಮಾಡಿಸಿದಿರಿ" ಎಂಬ ಭಾವದಲ್ಲಿ ಬಾಯಿಬಿಟ್ಟ. ವಿಧೇಯತೆ ಮುಗಿದ ಮೇಲೂ ಗೊಂದಲ ಉಳಿದಿತ್ತು, ಅದನ್ನು ಅವನು ಮುಚ್ಚಿಡಲಿಲ್ಲ. ಅರ್ಥವಾದ ಮೇಲೇ ಮಾಡುತ್ತೇನೆ ಅನ್ನುವವರಿಗೂ, ಮಾಡಿದ ಮೇಲೆ ಸಂಶಯ ಬಂದರೆ ನಂಬಿಕೆಯೇ ಇಲ್ಲ ಎಂದು ಕೊರಗುವವರಿಗೂ ಇಲ್ಲಿ ಉತ್ತರವಿದೆ.

ಪ್ರಾರ್ಥನೆಯ ಅಳತೆ ಗಮನಿಸಿ. 17ರಿಂದ 22ರ ತನಕ ಸರ್ವೇಶ್ವರ ಮಾಡಿದ್ದನ್ನು ನೆನೆಯುವುದು: ಸೃಷ್ಟಿ, ಐಗುಪ್ತ, ವಾಗ್ದಾನದ ನಾಡು. 23 ಜನರ ಅವಿಧೇಯತೆಯ ಒಪ್ಪಿಗೆ. 24 ಕಣ್ಣೆದುರಿನ ಸ್ಥಿತಿ, "ಇಗೋ ದಿಬ್ಬಗಳು". 25ರಲ್ಲಿ ಮಾತ್ರ ನೋವಿನ ಮುಳ್ಳು: "ಆದರೂ ನೀವು, ಹಣಕೊಟ್ಟು ಹೊಲ ಕೊಂಡುಕೋ ಅಂದಿರಿ." ಅಲ್ಲಿಗೆ ನಿಲ್ಲುತ್ತದೆ. ಬೇಡಿಕೆ ಒಂದೂ ಇಲ್ಲ. ಊರು ಉಳಿಸಿ ಅನ್ನಲಿಲ್ಲ, ನನ್ನನ್ನು ಬಿಡಿಸಿ ಅನ್ನಲಿಲ್ಲ.

17ರಲ್ಲಿ "ನಿಮಗೆ ಅಸಾಧ್ಯವಾದದ್ದು ಒಂದೂ ಇಲ್ಲ" ಎಂದು ಅವನು ಹೇಳಿದ ಮಾತನ್ನೇ 27ರಲ್ಲಿ ದೇವರು ಪ್ರಶ್ನೆಯಾಗಿ ತಿರುಗಿಸುತ್ತಾರೆ: "ನನಗೆ ಅಸಾಧ್ಯವಾದದ್ದುಂಟೋ?" ಮತ್ತು ಆ ಉತ್ತರದ ಮೊದಲ ಭಾಗ (28–35) ಸಮಾಧಾನದ್ದಲ್ಲ, ಪಟ್ಟಣ ಸುಟ್ಟುಹೋಗುತ್ತದೆ ಎಂಬುದೇ. 36ರ ಮೇಲೆ ಮಾತ್ರ ಮರಳಿ ಕೂಡಿಸುವ ಮಾತು. ಕೂಟದಲ್ಲಿ 28–35ನ್ನು ಹಾರಿಸಿ ಓದಿದರೆ ಯೆರೆಮೀಯನ ಬಾಯಿಗೆ ಹನನ್ಯನ ಮಾತು ಹಾಕಿದಂತಾಗುತ್ತದೆ.

ಇಕ್ಕಟ್ಟಿನಲ್ಲಿರುವವರಿಗೆ ಈ ನಾಲ್ಕು ಹಂತವನ್ನು ಕಾಗದದ ಮೇಲೆ ಬರೆಸಬಹುದು. ದೇವರು ಮಾಡಿದ್ದು ಆರು ಸಾಲು, ನಮ್ಮ ತಪ್ಪು ಒಂದು, ಈಗಿನ ಸ್ಥಿತಿ ಒಂದು, ಅರ್ಥವಾಗದ್ದು ಒಂದು. ಬಹಳ ಜನ ಕೊನೆಯದರಿಂದಲೇ ಶುರುಮಾಡಿ ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ಹಾಗೆಂದು ಕೊನೆಯದನ್ನು ಬಿಟ್ಟುಬಿಡಲು ಹೇಳಬೇಡಿ. 25 ಇಲ್ಲದೆ ಈ ಪ್ರಾರ್ಥನೆ ಇಲ್ಲ.

ವಾಕ್ಯ_ಧ್ಯಾನಿ:

ತುಂಬ ಉಪಯೋಗವಾಯಿತು. "ದೇವರು ನನ್ನೊಂದಿಗೆ ಮಾತಾಡಿದರು" ಎನ್ನುವ ವಿಷಯಕ್ಕೆ 8ನೇ ವಚನವನ್ನು ಹೇಗೆ ಬಳಸಬಹುದು?

ಹಳೇ_ಒಡಂಬಡಿಕೆ:

7ರಲ್ಲಿ ವಾಕ್ಯ ಬಂತು, 8ರಲ್ಲಿ ಹನಮೇಲ ಬಂದ. ಆಗ "ಇದು ಯೆಹೋವನ ವಾಕ್ಯವೇ ಎಂದು ತಿಳಿದುಕೊಂಡೆನು". 40 ವರ್ಷದ ಹತ್ತಿರ ಪ್ರವಾದಿಸಿದವನೂ ತನ್ನೊಳಗೆ ಕೇಳಿದ್ದನ್ನು ಹೊರಗಿನ ಘಟನೆ ದೃಢಪಡಿಸುವ ತನಕ ಬೆಳ್ಳಿ ತೂಗಲಿಲ್ಲ. 42:7ನ್ನೂ ಜೊತೆಗೆ ಇಡಿ: ಜನ ದೇವರ ಚಿತ್ತ ಕೇಳಿದಾಗ ಉತ್ತರ ಬಂದದ್ದು 10 ದಿನ ಆದ ಮೇಲೆ. ಯೆರೆಮೀಯ ಕೊರಳಿಗೆ ಹಾಕಿಕೊಂಡಿದ್ದ ನೊಗವನ್ನು ಹನನ್ಯ ಮುರಿದಾಗಲೂ ಯೆರೆಮೀಯ ಅಲ್ಲೇ ತಿರುಗೇಟು ಕೊಡದೆ ಹೊರಟುಹೋದ (28:11), ವಾಕ್ಯ ಬಂದದ್ದು ಆಮೇಲೆ. ಕೇಳಿದ ಕೂಡಲೇ "ಕರ್ತನು ಹೀಗೆನ್ನುತ್ತಾನೆ" ಎಂದು ಮದುವೆ, ಕೆಲಸ, ಮನೆ ಖರೀದಿಯ ವಿಷಯದಲ್ಲಿ ಹೇಳಿಬಿಡುವ ಅಭ್ಯಾಸಕ್ಕೆ ಈ ಮೂರು ಭಾಗಗಳನ್ನು ಒಟ್ಟಿಗೆ ಓದಿಸಬೇಕು.

ಸಂಡೇ_ಸ್ಕೂಲ್_ಟೀಚರ್:

ಮಕ್ಕಳಿಗೂ ದೊಡ್ಡವರಿಗೂ ಕೈಯಾರೆ ಮಾಡಿಸುವ ವಿಧಾನ ಬರೆಯುತ್ತೇನೆ. ಎ4 ಹಾಳೆಯಲ್ಲಿ ಮೇಲರ್ಧದಲ್ಲಿ ಒಂದು ಸಲ, ಕೆಳಗರ್ಧದಲ್ಲಿ ಒಂದು ಸಲ, 9 ಮತ್ತು 10ನೇ ವಚನ ಬರೆಸಿ. ಮೇಲಿನದನ್ನು ಬೆರಳಿನ ದಪ್ಪಕ್ಕೆ ಸುರುಳಿ ಸುತ್ತಿ, ಹತ್ತಿಯ ದಾರ ಮೂರು ಸುತ್ತು ಕಟ್ಟಿ. ಗಂಟಿನ ಮೇಲೆ ಕಡಲೆಕಾಳಿನಷ್ಟಲ್ಲ, ಸಣ್ಣ ನೆಲ್ಲಿಕಾಯಿಯಷ್ಟು ಜೇಡಿಮಣ್ಣಿನ ಉಂಡೆ ಇಟ್ಟು ಗುಂಡಿಯಿಂದ ಒತ್ತಿ. ಮಣ್ಣು ಹಸಿ ಇದ್ದರೆ ಹಾಳೆ ನೆನೆದು ಹರಿಯುತ್ತದೆ, ಪೂರ್ತಿ ಒಣಗಿದ್ದರೆ ಗುರುತು ಮೂಡುವುದಿಲ್ಲ. ಚಪಾತಿ ಹಿಟ್ಟಿನ ಹದ ಸರಿ. ಹಿಂಬದಿಯಲ್ಲಿ ಸಾಕ್ಷಿಗಳ ಸಹಿ. ತಕ್ಕಡಿ ಸಿಕ್ಕರೆ ಒಂದು ತಟ್ಟೆಯಲ್ಲಿ 200 ಗ್ರಾಂ ಕಲ್ಲು ಇಟ್ಟು, 17 ಶೆಕೆಲ್ ಇದಕ್ಕಿಂತ ಸ್ವಲ್ಪವೇ ಕಡಿಮೆ ಎಂದು ತೋರಿಸಿ. ಕೊನೆಗೆ ಮಡಕೆಯೊಳಗಿಟ್ಟು ಬಾಯಿಗೆ ಬಟ್ಟೆ ಕಟ್ಟಿ.

90 ನಿಮಿಷದಲ್ಲಿ ಹಿನ್ನೆಲೆಯ ಓದಿಗೆ 20, 32:1–15ಕ್ಕೆ 15, ಈ ಕೆಲಸಕ್ಕೆ 20, ಪ್ರಾರ್ಥನೆಯ ಭಾಗಕ್ಕೆ 25, ಉಳಿದದ್ದು ಪ್ರಶ್ನೆಗೆ. ಕೈಕೆಲಸಕ್ಕೆ ಸಮಯ ಹಿಗ್ಗಿ 25ನೇ ವಚನಕ್ಕೆ ಸಮಯವಿಲ್ಲದಂತೆ ಆಗುವುದೇ ಸಾಮಾನ್ಯ ತೊಂದರೆ. ಮಣ್ಣನ್ನು ಮೊದಲೇ ಉಂಡೆ ಮಾಡಿಟ್ಟುಕೊಳ್ಳಿ.

ಕೂಟಕ್ಕೆ ಬಾರೂಕನ ಮುದ್ರೆಯ ಚಿತ್ರ ತೋರಿಸಬಹುದೇ? ಮೊಬೈಲಿನಲ್ಲಿ ಹರಿದಾಡುತ್ತಿದೆ.

ಕಾಗದಪತ್ರ:

ಬೇಡ ಟೀಚರ್. "ನೇರೀಯನ ಮಗ ಲೇಖಕ ಬಾರೂಕ" ಎಂಬ ಆ ಮುದ್ರೆ ಅಗೆತದಲ್ಲಿ ಸಿಕ್ಕದ್ದಲ್ಲ, 1970ರ ದಶಕದಲ್ಲಿ ಹಳೆಯ ವಸ್ತುಗಳ ಮಾರುಕಟ್ಟೆಯಲ್ಲಿ ಬಂದದ್ದು. ನಕಲಿ ಎಂಬ ಬಲವಾದ ಅನುಮಾನವಿದೆ. ಅದರ ಬದಲು ನೆಲದಿಂದಲೇ ಎತ್ತಿದ್ದನ್ನು ತೋರಿಸಿ. ಯೆರೂಸಲೇಮಿನ ಹಳೆಯ ಭಾಗವಾದ ದಾವೀದನ ಪಟ್ಟಣದಲ್ಲಿ 1982ರಲ್ಲಿ ಯಿಗಲ್ ಶಿಲೋ ಅವರ ಅಗೆತದಲ್ಲಿ ಸುಮಾರು 50 ಮಣ್ಣಿನ ಮುದ್ರೆಗಳು ಒಂದೇ ಮನೆಯಲ್ಲಿ ಸಿಕ್ಕವು. ಒಂದರಲ್ಲಿ "ಶಾಫಾನನ ಮಗ ಗೆಮರ್ಯ" ಎಂದಿದೆ; 36:10ರ ಹೆಸರು ಅದೇ. ಕಸ್ದೀಯರು ಊರಿಗೆ ಇಟ್ಟ ಬೆಂಕಿಯಲ್ಲಿ ಪಪೈರಸ್ ಬೂದಿಯಾಯಿತು, ಹಸಿಮಣ್ಣಿನ ಮುದ್ರೆಗಳು ಬೆಂದು ಗಟ್ಟಿಯಾಗಿ ಉಳಿದವು. ಜಾಡಿಯೊಳಗಿಡದ ಪತ್ರಗಳ ಗತಿ ಏನಾಯಿತೆಂದು ಮಕ್ಕಳಿಗೆ ಇದರಿಂದಲೇ ತಿಳಿಯುತ್ತದೆ.

ಉಡುಪಿ_ಓದುಗಿ:

ಆ ಜಾಡಿಯನ್ನು ಯಾರಾದರೂ ತೆರೆದರೇ?

ಹಳೇ_ಒಡಂಬಡಿಕೆ:

ಗ್ರಂಥದಲ್ಲಿ ಅದರ ಮಾತಿಲ್ಲ ಅಕ್ಕ. ಆದರೆ ಸೆರೆಯಿಂದ ಹಿಂದಿರುಗಿದವರ ಪಟ್ಟಿಯಲ್ಲಿ ಎಜ್ರ 2:23 ನೋಡಿ, ನೆಹೆಮೀಯ 7:27ರಲ್ಲೂ ಅದೇ ಸಂಖ್ಯೆ: "ಅನಾತೋತಿನವರು 128". ನೆಹೆಮೀಯ 11:32ರಲ್ಲಿ ಬೆನ್ಯಾಮೀನ್ಯರು ಮತ್ತೆ ನೆಲೆಸಿದ ಊರುಗಳಲ್ಲಿ ಅನಾತೋತ್ ಹೆಸರಿದೆ. ಯೆರೆಮೀಯನನ್ನು ಕೊಲ್ಲಲು ನೋಡಿದವರ ಊರಿನವರು ಅವರು. ವಾಕ್ಯ_ಧ್ಯಾನಿಯವರೇ, ಅಧ್ಯಯನದ ಕೊನೆಗೆ ಎಜ್ರ 2:23 ಒಂದನ್ನೇ ಯಾರಾದರೊಬ್ಬರಿಂದ ಗಟ್ಟಿಯಾಗಿ ಓದಿಸಿ, ವಿವರಣೆ ಕೊಡಬೇಡಿ.

ವಾಕ್ಯ_ಧ್ಯಾನಿ:

ಹಾಗೇ ಮಾಡುತ್ತೇನೆ ಅಣ್ಣ. ಓದುವ ಕ್ರಮವನ್ನು ಬೇಕಾದವರಿಗಾಗಿ ಒಟ್ಟಿಗೆ ಹಾಕುತ್ತಿದ್ದೇನೆ: 11:18–23, 12:6, 16:1–4, 37:11–21, 32:1–44, ಕೊನೆಗೆ ಎಜ್ರ 2:23.